ಪೆಂಟೊಸಾನ್ ಪಾಲಿಸಲ್ಫೇಟ್: ಮುರಿದ ಮೇಲೆ ಲೆಕ್ಕ ಸಿಕ್ಕಿತು

ಪೆಂಟೊಸಾನ್ ಪಾಲಿಸಲ್ಫೇಟ್ ಅಂದರೆ ಮರದ ಕ್ಸೈಲಾನ್‌ಗೆ, ಅಂದರೆ ಕ್ಸೈಲೋಸ್ ಸಕ್ಕರೆಯ ಸರಪಳಿಗೆ, ಸಲ್ಫೇಟ್ ಅಂಟಿಸಿ ಮಾಡುವ ಔಷಧ. ಅದರಲ್ಲಿ ಎಲ್ಲೆಲ್ಲಿ ಎಷ್ಟು ಸಲ್ಫೇಟ್ ಇದೆ ಎಂದು ಮಾಸ್ ಸ್ಪೆಕ್‌ನಲ್ಲಿ (ಅಯಾನುಗಳನ್ನು ತೂಗುವ ಯಂತ್ರ) ಎಣಿಸಲು ಹೊರಟೆ. "ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ನೋಡುವ ವಿಧಾನ) ಬಿಟ್ಟರೆ ಇದಕ್ಕೆ ಗತಿಯಿಲ್ಲ, ಮಾಸ್ ಸ್ಪೆಕ್‌ಗೆ ಹಾಕಿ ದುಡ್ಡು ಕಳೀಬೇಡಿ" ಅಂದವರೇ ಹೆಚ್ಚು. ಇಡೀ ಸರಪಳಿಯನ್ನು ನೇರ ಹಾಯಿಸಿದಾಗ ಅವರ ಮಾತೇ ನಿಜವಾಯಿತು: ಕಕ್ಕಡ ತಿಂಗಳ ಮಳೆಗಾಲದ ಮಡಿಕೇರಿ ಮಂಜಿನ ಹಾಗೆ ಬರೀ ಮಬ್ಬು ಗುಡ್ಡ, ಒಂದು ಶಿಖರವೂ ಎದ್ದು ನಿಲ್ಲಲಿಲ್ಲ.

ಹಾಗಾಗಿ ಮೊದಲು ಸರಪಳಿಯನ್ನು ಸಣ್ಣ ತುಣುಕುಗಳಾಗಿ ಮುರಿದೆ. ಕಾಪರ್ ಅಸಿಟೇಟ್, ಹೈಡ್ರೋಜನ್ ಪೆರಾಕ್ಸೈಡ್, 60 ಡಿಗ್ರಿ, ಪಿಎಚ್ 7.5ರಿಂದ ಇಳಿಯದಂತೆ ಕ್ಷಾರ ಹನಿಸುತ್ತಿರಬೇಕು. ಪೆರಾಕ್ಸೈಡನ್ನು ಎಷ್ಟು ಕಂತಿನಲ್ಲಿ ಹಾಕುತ್ತೇನೆ ಅನ್ನೋದು ನನ್ನಲ್ಲೇ ಇರಲಿ. ಕಾಪರನ್ನು ಕೀಲೇಟಿಂಗ್ ರೆಸಿನ್‌ನಲ್ಲಿ (ಲೋಹವನ್ನು ಹಿಡಿದಿಡುವ ಮಣಿಗಳು) ಪೂರ್ತಿ ತೆಗೆಯಿರಿ.

ಹೆಚ್ಚು ಹಾಳಾದದ್ದು ಸಲ್ಫೇಟಿಗೆ ಅಂಟಿದ ಸೋಡಿಯಂ ತೆಗೆಯುವಾಗ. ಆಮ್ಲ ರೂಪದ ರೆಸಿನ್‌ನಿಂದ ಇಳಿಸಿದ ದ್ರಾವಣವನ್ನು ರಾತ್ರಿ ಹಾಗೇ ಬಿಟ್ಟೆ; ತನ್ನದೇ ಆಮ್ಲದಲ್ಲಿ ಸಲ್ಫೇಟ್ ಕಳಚಿಹೋಗಿತ್ತು. ಒಂದು ತಿಂಗಳ ಸ್ಯಾಂಪಲ್, ಸುಮಾರು 40 ಸಾವಿರದ ಸಾಮಾನು ದಂಡ. ಈಗ ಐಸ್ ಮೇಲೆ ಇಳಿಸುತ್ತೇನೆ, ಹನಿ ಬೀಳುವ ಪಾತ್ರೆಯಲ್ಲೇ ಆಮ್ಲವನ್ನು ತಣಿಸುವ, ಸಲ್ಫೇಟಿಗೆ ಜೋಡಿಯಾಗುವ ಡೈಬ್ಯುಟೈಲ್‌ಅಮೀನ್ ಇರುತ್ತದೆ.

ತುಣುಕುಗಳನ್ನು ಬೇರ್ಪಡಿಸಿ ಮಾಸ್ ಸ್ಪೆಕ್‌ಗೆ ಕಳಿಸುವುದು ಎಲ್‌ಸಿ (ದ್ರವ ಕ್ರೊಮ್ಯಾಟೋಗ್ರಫಿ): ಸಿ18 ಕಾಲಂ, ಡೈಬ್ಯುಟೈಲ್‌ಅಮೀನ್, ಅಸಿಟಿಕ್ ಆಮ್ಲ ತಲಾ 10 ಮಿಲಿಮೋಲಾರ್, ಮೆಥನಾಲ್ ಗ್ರೇಡಿಯೆಂಟ್, ನೆಗೆಟಿವ್ ಮೋಡ್. ಅಯಾನುಗಳನ್ನು ಮಾಸ್ ಸ್ಪೆಕ್ ಒಳಗೆ ಎಳೆಯುವ ಕೋನ್ ವೋಲ್ಟೇಜನ್ನು ಸಿಗ್ನಲ್ ಸಾಯುವ ಅಂಚಿನವರೆಗೂ ಇಳಿಸಿ. ನಾಲ್ಕು ಸಲ್ಫೇಟಿನ ಎರಡು ಕ್ಸೈಲೋಸ್ ತುಣುಕು ಎರಡು ಚಾರ್ಜಿನಲ್ಲಿ 299.95ರಲ್ಲಿ (ದ್ರವ್ಯರಾಶಿ ಭಾಗಿಸು ಚಾರ್ಜು) ಬರುತ್ತದೆ, ಒಂದು ಅಮೀನ್ ಅಂಟಿಕೊಂಡಿದ್ದರೆ 364.53ರಲ್ಲಿ. ಅದರಿಂದ 40 ಕೆಳಗೆ (ಒಂದು ಸಲ್ಫೇಟಿನ 80, ಎರಡು ಚಾರ್ಜಿಗೆ ಅರ್ಧ) ಇನ್ನೊಂದು ಶಿಖರ ಕಂಡರೆ ಅವಸರ ಬೇಡ. ಅದೇ ನಿಮಿಷದಲ್ಲಿ ಬಂದಿದ್ದರೆ ಸೋರ್ಸ್‌ನಲ್ಲಿ (ಮಾಸ್ ಸ್ಪೆಕ್‌ನಲ್ಲಿ ಅಯಾನುಗಳಾಗುವ ಜಾಗ) ಉದುರಿದ ಸಲ್ಫೇಟ್. ನಿಜವಾಗಿಯೇ ಒಂದು ಕಡಿಮೆಯಿರುವ ತುಣುಕು ಕಾಲಂನಿಂದ ಮೊದಲೇ ಹೊರಬೀಳುತ್ತದೆ. ಈ ಒಂದು ಗುರುತು ಹಿಡಿಯುವವರೆಗೆ ನನ್ನ ಲೆಕ್ಕವೆಲ್ಲ ಸುಳ್ಳು. ದ್ರವ್ಯರಾಶಿಯಲ್ಲಿ 16 ಹೆಚ್ಚು ಬಂದರೆ ಪೆರಾಕ್ಸೈಡ್ ತುದಿಯನ್ನು ಆಕ್ಸಿಡೈಸ್ ಮಾಡಿದೆ ಎಂದರ್ಥ, 22 ಬಂದರೆ ಸೋಡಿಯಂ ಉಳಿದಿದೆ.

ಪುಡಿ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ತಕ್ಕಡಿಯ ಮೇಲಿಟ್ಟಷ್ಟು ಹೊತ್ತೂ ಅಂಕಿ ಏರುತ್ತಲೇ ಇರುತ್ತದೆ. ತೇವಾಂಶ ಬೇರೆ ಅಳೆದು ಕಳೆಯಲೇಬೇಕು. ಕ್ಯಾಪ್ಸೂಲಿನದಾದರೆ ನೀರಿನಲ್ಲಿ ಕದಡಿ, ಕರಗದ ಸೆಲ್ಯುಲೋಸನ್ನು ಸೋಸಿ.

ತೋಟದ ಸಿಲ್ವರ್ ಓಕ್ ಹೊಟ್ಟಿನಿಂದ ಕ್ಷಾರದಲ್ಲಿ ಕ್ಸೈಲಾನ್ ತೆಗೆದೂ ನೋಡಿದೆ. ಅದಕ್ಕೆ ಕೊಂಬೆಯಾಗಿರುವ ಮೀಥೈಲ್ ಗ್ಲುಕುರಾನಿಕ್ ಆಮ್ಲದ 190 ದ್ರವ್ಯರಾಶಿ ಚೆನ್ನಾಗಿ ಕಂಡಿತು. ಬಿದಿರಿನದು ತಲೆನೋವು: ಅದರಲ್ಲಿ ಅರಾಬಿನೋಸ್ ಕೊಂಬೆಗಳಿವೆ, ಸರಪಳಿಯಲ್ಲಿ ಅರಾಬಿನೋಸೂ ಕ್ಸೈಲೋಸೂ ಒಂದೇ 132, ತೂಕದಿಂದ ಬೇರ್ಪಡಿಸಲಾಗದು. ಅಲ್ಲಿ ಮಾತ್ರ ಎನ್‌ಎಂಆರ್‌ನವರಿಗೆ ಕೈಮುಗಿದೆ.

ಈ ಅಮೀನ್ ಹರಿದ ಎಲ್‌ಸಿಯನ್ನು ಪಾಸಿಟಿವ್ ಮೋಡ್ ಕೆಲಸಕ್ಕೆ ಯಾರಿಗೂ ಕೊಡಬೇಡಿ. ವಾರಗಟ್ಟಲೆ ತೊಳೆದರೂ ಅಮೀನಿನದೇ ಶಿಖರ 130.16 ಹೋಗುವುದಿಲ್ಲ.