ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆಗೋ ಕಾರು: ಎಲ್ಲಿಂದ ಹುಡುಕಬೇಕು?

ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಬೇಸಿಗೆಯಲ್ಲಿ ಬರುವವರ ಕಥೆ ಹೆಚ್ಚುಕಮ್ಮಿ ಒಂದೇ. "ಅಣ್ಣ, ತುಮಕೂರಿಂದ ಬರ್ತಾ ಟೆಂಪರೇಚರ್ ಮುಳ್ಳು ಅಲ್ಲಾಡಲೇ ಇಲ್ಲ. ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಿಂತೆ ನೋಡಿ, ಸೀದಾ ಮೇಲೆ ಹೋಯ್ತು. ಗಾಡಿ ಹೊರಟ ಮೇಲೆ ಮತ್ತೆ ಇಳೀತು." ಇಷ್ಟು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಓಡುವಾಗ ರೇಡಿಯೇಟರ್‌ಗೆ, ಅಂದರೆ ಇಂಜಿನ್ ನೀರನ್ನು ತಣ್ಣಗೆ ಮಾಡುವ ಜಾಲಿಗೆ, ಎದುರುಗಾಳಿ ತಾನಾಗಿಯೇ ಸಿಗುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಹಾಗಾಗಿ ಮೊದಲ ಅನುಮಾನ ಗಾಳಿಯ ಮೇಲೆ. ಆದರೆ ಎಷ್ಟೋ ಜನ ನನ್ನ ಹತ್ತಿರ ಬರುವ ಹೊತ್ತಿಗೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯೇರುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ಕಿತ್ತು ಬಿಸಾಕಿರುತ್ತಾರೆ. ಯಾರೋ ಹೇಳಿದರಂತೆ, "ನಮ್ಮ ಊರಿನ ಬಿಸಿಲಿಗೆ ಅದು ಬೇಡ" ಅಂತ. ಅದು ಮುಚ್ಚಿಕೊಂಡೇ ಕೂತಿದ್ದರೆ ಹೈವೇಯಲ್ಲೂ ಹೀಟ್ ಆಗಬೇಕಿತ್ತು, ಅಲ್ವಾ? ಅದಿಲ್ಲದೆ ಇಂಜಿನ್ ಬಿಸಿಯೇರಲು ಜಾಸ್ತಿ ಹೊತ್ತು ಬೇಕು, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಕಿತ್ತಿದ್ದರೆ ಮೊದಲು ಹೊಸದು ಹಾಕಿಸಿ.

ಹುಡುಕುವ ಕೆಲಸ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ನೀರು ಮುಖಕ್ಕೆ ಹಾರುತ್ತದೆ. ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಒಳಗೆ ನೋಡಿ, ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಬಾಯಿವರೆಗೆ ಇರಬೇಕು. ಪಕ್ಕದ ಕೂಲಂಟ್ ಬಾಟಲಿ ತುಂಬಿದೆ ಅಂತ ನಂಬಿ ಕೂರಬೇಡಿ. ಬಾಟಲಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರುವುದುಂಟು. ಕೆಲವು ಕಾರುಗಳಲ್ಲಿ ರೇಡಿಯೇಟರ್ ಮೇಲೆ ಕ್ಯಾಪ್ ಇರುವುದಿಲ್ಲ, ಕೂಲಂಟ್ ಟ್ಯಾಂಕಿನ ಮೇಲೇ ಇರುತ್ತದೆ. ಅಲ್ಲಿ ಮಿನ್ ಮತ್ತು ಮ್ಯಾಕ್ಸ್ ಗೆರೆಯ ನಡುವೆ ಇದ್ದರೆ ಸಾಕು.

ಈಗ ಎಸಿ ಆಫ್ ಮಾಡಿ ಇಂಜಿನ್ ಶುರು ಮಾಡಿ, ಬಾನೆಟ್ ಎತ್ತಿ ಕಾಯಿರಿ. ಎಷ್ಟೋ ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಜಾಗ) ಸಿಕ್ಕಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಮೊಬೈಲಿನಲ್ಲೇ ಡಿಗ್ರಿ ಕಾಣುತ್ತದೆ. ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಆಸುಪಾಸಿನಲ್ಲಿ ಫ್ಯಾನ್ ಶುರುವಾಗಬೇಕು, ಕೆಲವು ಕಾರುಗಳಲ್ಲಿ ಇನ್ನೂ ಸ್ವಲ್ಪ ಮೇಲೆ. 105 ದಾಟಿದರೂ ಸದ್ದಿಲ್ಲ ಅಂದರೆ ಎಸಿ ಹಾಕಿ ನೋಡಿ. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗುತ್ತದೆ. ಎಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಮೋಟಾರ್ ಚೆನ್ನಾಗಿದೆ, ತೊಂದರೆ ಹೆಚ್ಚಾಗಿ ಬಿಸಿ ಅಳೆಯುವ ಸೆನ್ಸರ್ ಅಥವಾ ಅದರ ವೈರಿನಲ್ಲಿ. ಎರಡು ಫ್ಯಾನ್ ಇರುವ ಗಾಡಿಯಾದರೆ ತಿರುಗಿದ್ದು ಯಾವುದು ಅಂತ ಸರಿಯಾಗಿ ನೋಡಿಕೊಳ್ಳಿ. ದುಪಟ್ಟಾ, ತೋಳು, ಕೈಬೆರಳು ಎಲ್ಲ ದೂರ ಇರಲಿ. ಫ್ಯಾನ್ ಹೇಳಿಕೇಳಿ ಶುರುವಾಗುವುದಿಲ್ಲ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ.

ಎರಡಕ್ಕೂ ತಿರುಗದಿದ್ದರೆ ಗಾಡಿ ಆಫ್ ಮಾಡಿ ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್. ಅದೇ ನಂಬರಿನ ರಿಲೇ ಹಾರ್ನ್‌ಗೂ ಹಾಕಿದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಇಷ್ಟಕ್ಕೂ ಬಗ್ಗದಿದ್ದರೆ ಮೋಟಾರ್ ಪ್ಲಗ್ ಬಿಚ್ಚಿ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರ್ ಎಳೆದು ನೇರ ಕರೆಂಟ್ ಕೊಡಬೇಕು. ಅದಕ್ಕೂ ಅಲ್ಲಾಡದಿದ್ದರೆ ಮೋಟಾರ್ ಹೋಗಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಕುಟ್ಟಿದಾಗ ತಿರುಗಿದರೆ ಮೋಟಾರ್ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಕುಟ್ಟಿ ಓಡಿಸುವುದು ಮನೆ ಸೇರುವುದಕ್ಕೆ ಮಾತ್ರ.

ಫ್ಯಾನ್ ತಿರುಗುತ್ತಿದೆ ಅಂದ ಮಾತ್ರಕ್ಕೆ ಗಾಳಿ ಎಳೆಯುತ್ತಿದೆ ಅಂತಲ್ಲ. ಒಂದು ಹಾಳೆ ನ್ಯೂಸ್‌ಪೇಪರ್ ತಗೊಂಡು ಮುಂದಿನ ಗ್ರಿಲ್‌ಗೆ ಹಿಡಿಯಿರಿ. ಅಂಟಿಕೊಂಡು ನಿಲ್ಲಬೇಕು. ಹೊರಕ್ಕೆ ತಳ್ಳಿದರೆ ಯಾರೋ ಮೋಟಾರ್ ವೈರ್ ಉಲ್ಟಾ ಕೊಟ್ಟಿದ್ದಾರೆ. ಸುಮ್ನೆ ಜಾರಿ ಬಿದ್ದರೆ ದಾರಿ ಕಟ್ಟಿದೆ. ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹತ್ತಿ, ಸತ್ತ ಹುಳ ಎಲ್ಲ ಸೇರಿ ಕಂಬಳಿಯಂತೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಇಂಜಿನ್ ಆಫ್ ಇರುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನ ಸಾಧಾರಣ ನೀರು ಸಾಕು. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಗನ್ ಹಿಡಿದರೆ ಜಾಲಿಯ ತಗಡು ಮಡಚಿಕೊಳ್ಳುತ್ತದೆ. ಆ್ಯಕ್ಸಿಡೆಂಟ್ ಆಗಿ ಮುಂಭಾಗ ಕಟ್ಟಿಸಿದ ಗಾಡಿಯಾದರೆ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಇದೆಯಾ ನೋಡಿ. ಅದಿಲ್ಲದಿದ್ದರೆ ಫ್ಯಾನ್ ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಗಾಳಿ ಸರಿಯಾಗಿದ್ದರೆ ಕ್ಯಾಪ್ ನೋಡಿ. ಬೆಂಗಳೂರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಮ್ಮೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಮೇಲೆ 0.9 ಅಂತ ಬರೆದಿದ್ದರೆ ಒಳಗೆ ಹೊರಗಿನ ಗಾಳಿಗಿಂತ ಅಷ್ಟು ಬಾರ್ ಜಾಸ್ತಿ ಪ್ರೆಷರ್ ಹಿಡಿಯುತ್ತದೆ ಅಂತ ಅರ್ಥ. ಆ ಪ್ರೆಷರ್‌ಗೆ ಬರೀ ನೀರೂ 117ರ ಹತ್ತಿರ ಬರುವವರೆಗೆ ಕುದಿಯುವುದಿಲ್ಲ. ಕ್ಯಾಪ್‌ನ ರಬ್ಬರ್ ಒಡೆದಿದ್ದರೆ? ಫ್ಯಾನ್ ಶುರುವಾಗುವ ಹೊತ್ತಿಗೆ ನೀರು ಆಗಲೇ ಕುದಿ ಹತ್ತಿರುತ್ತದೆ. ಬಾಟಲಿಯಲ್ಲಿ ಬುಳುಬುಳು, ಆಮೇಲೆ ರಸ್ತೆಗೆ ಚೆಲ್ಲುತ್ತದೆ. ಅದೇ ಗಾಡಿ ಮಂಗಳೂರಿನಲ್ಲಿ ಇನ್ನೆರಡು ಮೂರು ಡಿಗ್ರಿ ತಡೆದುಕೊಂಡೀತು. ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಬದಲಿಸಿ. ಅದೇ ಪ್ರೆಷರ್‌ನದ್ದೇ ಹಾಕಿ, ಜಾಸ್ತಿಯದ್ದು ಹಾಕಿದರೆ ಹಳೇ ಹೋಸ್ ಪೈಪ್ ಬಿಚ್ಚಿಕೊಳ್ಳುತ್ತದೆ. ಬೋರ್‌ವೆಲ್ ನೀರು ತುಂಬಬೇಡಿ. ಪಾತ್ರೆ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕಂಪನಿ ಹೇಳಿದ ಕೂಲಂಟ್ ಅಷ್ಟೇ. ಕೂಲಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ತೊಳೆದುಬಿಡಿ.

ಇಷ್ಟರಲ್ಲೂ ಸಿಗದಿದ್ದರೆ ನೀರು ಸುತ್ತಿಸುವ ವಾಟರ್ ಪಂಪ್ ನೋಡಿ. ಮುಳ್ಳು ಮೇಲಿರುವಾಗ, ನ್ಯೂಟ್ರಲ್‌ನಲ್ಲಿ 1500–2000 ಆರ್‌ಪಿಎಂವರೆಗೆ ರೇಸ್ ಕೊಟ್ಟು ಹಿಡಿಯಿರಿ. ಬಿಸಿ ಇಳಿಯುತ್ತಾ ಬಂದರೆ ಐಡಲಿಂಗ್‌ನಲ್ಲಿ ನೀರು ಸರಿಯಾಗಿ ಸುತ್ತುತ್ತಿಲ್ಲ: ಪಂಪ್ ರೆಕ್ಕೆ ಸವೆದಿದೆ, ಬೆಲ್ಟ್ ಸಡಿಲ, ಇಲ್ಲವೇ ಒಳಗೆ ಏರ್‌ಲಾಕ್, ಅಂದರೆ ಗಾಳಿ ಸಿಕ್ಕಿಕೊಂಡಿದೆ. ಈಚೆಗೆ ಕೂಲಂಟ್ ಬದಲಿಸಿದ್ದರೆ ಏರ್‌ಲಾಕ್ ಮೇಲೇ ಅನುಮಾನ ಇಡಿ. ಕ್ಯಾಬಿನ್ ಹೀಟರ್ ಹಾಕಿದಾಗ ತಣ್ಣನೆ ಗಾಳಿ ಬಂದು, ರೇಸ್ ಕೊಟ್ಟಾಗ ಮಾತ್ರ ಬಿಸಿ ಬಂದರೆ ಆ ಅನುಮಾನ ಗಟ್ಟಿಯಾಯಿತು.

ತಣ್ಣನೆ ಇಂಜಿನ್ ಶುರು ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾದರೆ, ಇಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲ್) ಹೋಗಿದೆ. ಆಗ ಓಡಿಸಬೇಡಿ, ಟೋ ಮಾಡಿಸಿ.

ಹಳೇ ಡೀಸೆಲ್ ಜೀಪು, ಸುಮೋಗಳಲ್ಲಿ ಫ್ಯಾನ್ ಬೆಲ್ಟಿನಿಂದಲೇ ತಿರುಗುತ್ತದೆ. ನಡುವೆ ವಿಸ್ಕಸ್ ಕಪ್ಲಿಂಗ್ (ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಭಾಗ) ಇದ್ದರೆ, ಬಿಸಿಯಾದ ಇಂಜಿನ್ ಆಫ್ ಮಾಡಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿರಬೇಕು. ತಳ್ಳಿ ಬಿಟ್ಟ ಮೇಲೂ ಸರಾಗವಾಗಿ ಸುತ್ತುತ್ತಿದ್ದರೆ ಕಪ್ಲಿಂಗ್ ಸತ್ತಿದೆ.

ಸಿಗ್ನಲ್‌ನಲ್ಲೇ ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಫುಲ್, ಕಿಟಕಿ ಇಳಿಸಿ. ಬೆವರು ಹರಿಯುತ್ತದೆ, ಹರಿಯಲಿ, ಇಂಜಿನ್ನಿನ ಬಿಸಿ ಅಷ್ಟು ಹೊರಗೆ ಬಂತು. ಆದರೂ ಇಳಿಯದಿದ್ದರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು.