ಹಳೆ ಏರ್ ಪಿಸ್ತೂಲಿನ ಟ್ರಿಗರ್ ಗಟ್ಟಿ ಇದ್ದರೆ ಮೊದಲು ನೀರಿನ ಬಾಟಲಿ ತನ್ನಿ

ಪುಣೆಯ ಬಾಲೇವಾಡಿ ರೇಂಜಿನಲ್ಲಿ ನನ್ನ ಪಕ್ಕದ ಲೇನಿನಲ್ಲಿ ಹೊಡೆಯುತ್ತಿದ್ದ ಬೆಳಗಾವಿ ಹುಡುಗ ಹೊಸ ಪಿಸ್ತೂಲು ತಗೊಂಡ. ಹಳೆಯದನ್ನು ನನಗೆ ಕೊಟ್ಟ. 10 ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲು, 4.5 ಮಿಲಿಮೀಟರ್ ಪೆಲೆಟ್, ಅಂದರೆ ಪುಟ್ಟ ಗುಂಡು. ಟ್ರಿಗರ್ ಎಷ್ಟು ಗಟ್ಟಿ ಅಂದರೆ, ಎಳೆದು ಮುಗಿಸುವಷ್ಟರಲ್ಲಿ ಸೈಟು ಎತ್ತಲೋ ಹೋಗಿರುತ್ತಿತ್ತು. 52 ವರ್ಷದ ಬೆರಳು, ಇಷ್ಟೇ ಅಂದುಕೊಂಡೆ. ಅವನು ನಕ್ಕ. "ಬೆರಳಿಂದೇನೂ ತಪ್ಪಿಲ್ರಿ ಅಕ್ಕಾರ. ಟ್ರಿಗರಿನ ಸ್ಕ್ರೂ ಮುಟ್ಟಬ್ಯಾಡ್ರಿ, ಮೊದಲ ತೂಕಾ ಹಾಕಿ ನೋಡ್ರಿ."

ಎಷ್ಟು ಗ್ರಾಂ ಭಾರಕ್ಕೆ ಟ್ರಿಗರ್ ಬಿಡುತ್ತದೆ ಅಂತ ನೋಡೋದು ಹೀಗೆ. ಬ್ಯಾರೆಲ್‌ನಲ್ಲಿ ಪೆಲೆಟ್ ಇಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಒಂದು ಲೀಟರಿನ ಬಾಟಲಿ, ಬಟ್ಟೆ ಹ್ಯಾಂಗರಿನ ತಂತಿಯಿಂದ ಬಗ್ಗಿಸಿದ ಕೊಕ್ಕೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಇಷ್ಟೇ ಸಾಮಾನು. ಬಾಟಲಿ, ಕೊಕ್ಕೆ, ನೀರು ಎಲ್ಲ ಸೇರಿ 500 ಗ್ರಾಂ ಆಗಬೇಕು. ಪಿಸ್ತೂಲು ಕಾಕ್ ಮಾಡಿ (ಹೊಡೆಯಲು ಸಜ್ಜು ಮಾಡಿ), ಬ್ಯಾರೆಲ್ ನೆಟ್ಟಗೆ ಮೇಲಕ್ಕಿರಲಿ. ಟ್ರಿಗರಿನ ನಡುವೆ ಕೊಕ್ಕೆ ಸಿಕ್ಕಿಸಿ, ಮೇಜಿನ ಮೇಲಿಂದ ಬಾಟಲಿಯನ್ನು ನಿಧಾನಕ್ಕೆ ಎತ್ತಿ. ಕ್ಲಿಕ್ ಅನ್ನದೆ ಎದ್ದರೆ ಟ್ರಿಗರ್ 500ಕ್ಕಿಂತ ಕಡಿಮೆ ಇಲ್ಲ. ಕ್ಲಿಕ್ ಆಗುವ ತನಕ ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಹೋಗಿ, ಆಮೇಲೆ ತೂಗಿ. ನನ್ನದು 710 ಗ್ರಾಂ ಬಂತು!

10 ಮೀಟರಿಗೆ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮ ಕೇಳೋದು ಕನಿಷ್ಠ 500 ಗ್ರಾಂ. ಅಂದರೆ 210 ಗ್ರಾಮನ್ನು ನಾನು ಸುಮ್ನೆ ಹೊರುತ್ತಿದ್ದೆ.

ಆಮೇಲೂ ಸ್ಕ್ರೂ ಅಲ್ಲ, ಸ್ವಚ್ಛ ಮಾಡೋದು. ಏನೇ ಬಿಗಿಯಾದರೂ ಹೊಲಿಗೆ ಮಷೀನಿನ ಎಣ್ಣೆ ಬಿಡುವ ಮನೆ ನಮ್ಮದು. ಇಲ್ಲಿ ಬೇಡ. ಯಾರೋ ಹಿಂದೆ ಬಿಟ್ಟ ಎಣ್ಣೆಯೇ ಧೂಳು ಹಿಡಿದು ಟ್ರಿಗರಿನ ಸಂದಿಯಲ್ಲಿ ಅಂಟಾಗಿ ಕೂತಿತ್ತು. ಗಾಳಿಯ ಸಿಲಿಂಡರ್ ಬಿಚ್ಚಿಟ್ಟು, ಒಣ ಬ್ರಷ್ಷು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ತೆಗೆದೆ. 650ಕ್ಕೆ ಇಳಿಯಿತು.

ಈಗ ಸ್ಕ್ರೂ. ನಿಮ್ಮ ಮಾಡೆಲಿನ ಕೈಪಿಡಿ ಇಲ್ಲದೆ ಕೈ ಹಾಕಬೇಡಿ. ಟ್ರಿಗರ್ ಎರಡು ಹಂತದಲ್ಲಿ ಹಿಂದೆ ಬರುತ್ತದೆ; ಮೊದಲ ಹಂತದ ತೂಕಕ್ಕೊಂದು, ಎರಡನೆಯದಕ್ಕೊಂದು, ಸಿಯರ್ (ಟ್ರಿಗರ್ ಎಳೆಯುವ ತನಕ ಹಿಡಿದಿಡುವ ಕೊಂಡಿ) ಎಷ್ಟು ಕಚ್ಚಿಕೊಳ್ಳಬೇಕು ಅನ್ನೋದಕ್ಕೆ ಇನ್ನೊಂದು ಸ್ಕ್ರೂ ಇರಬಹುದು. ಈ ಕೊನೆಯದನ್ನು ಮುಟ್ಟಲೇಬೇಡಿ. ಕಚ್ಚು ಕಡಿಮೆಯಾದರೆ ಸಣ್ಣ ಏಟಿಗೂ ಪಿಸ್ತೂಲು ತಾನಾಗೇ ಹೊಡೆದುಬಿಡುತ್ತದೆ. ಮೊದಲು ಇದ್ದ ಜಾಗಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟು, ಮೊದಲ ಹಂತದ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ. ಮತ್ತೆ ಬಾಟಲಿ. ಮತ್ತೆ ಕಾಲು ಸುತ್ತು. ನನಗೆ ಒಂದು ಇಡೀ ಸಂಜೆ ಹಿಡಿಯಿತು, ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ಲೆಕ್ಕವಿಲ್ಲ. 520ಕ್ಕೆ ನಿಲ್ಲಿಸಿದೆ. ಸರಿಯಾಗಿ 500ಕ್ಕೆ ಇಡುವ ಆಸೆ ಬೇಡ. ಪಂದ್ಯ ಮುಗಿದ ಮೇಲೂ ತೂಕ ನೋಡುತ್ತಾರೆ, ಆಗ ಕಡಿಮೆ ಬಂದರೆ ಅನರ್ಹ.

ಅಷ್ಟಾದರೂ ಗಟ್ಟಿ ಅನ್ನಿಸುತ್ತಿತ್ತು. ಆ ಹುಡುಗನ ಬೆರಳು ಉದ್ದ, ನನ್ನದು ಮೋಟು. ಬೆರಳ ತುದಿಯಿಂದ ಓರೆಯಾಗಿ ಎಳೆಯುತ್ತಿದ್ದೆ, ಅಲ್ವಾ? ಟ್ರಿಗರಿನ ಎಲೆಯನ್ನು (ಬೆರಳು ಕೂರುವ ಭಾಗ) ಹಿಂದಕ್ಕೆ ಸರಿಸಿ, ಬೆರಳಿನ ಮೊದಲ ಗಂಟಿನ ಮೆತ್ತನೆ ಭಾಗ ನೇರ ಕೂರುವಂತೆ ಮಾಡಿದೆ. ತೂಕ ಅದೇ 520, ಕೈಗೆ ಮಾತ್ರ ಬೇರೆಯದೇ ಪಿಸ್ತೂಲು.

ಇದೆಲ್ಲ ಪಂದ್ಯದ ಏರ್ ಪಿಸ್ತೂಲಿಗೆ ಮಾತ್ರ. ಮದ್ದಿನಿಂದ ಗುಂಡು ಹಾರುವ ಪಿಸ್ತೂಲಾದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಒಯ್ಯಿರಿ. ಸ್ಪ್ರಿಂಗ್ ಕತ್ತರಿಸುವ ಬುದ್ಧಿವಂತಿಕೆ ಯಾವುದಕ್ಕೂ ಬೇಡ. ಹಳೆ ಸಿಲಿಂಡರಿನ ಮೇಲಿನ ತಾರೀಖು ನೋಡಿ, ಬಳಸುವ ಅವಧಿ ಮುಗಿದಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ.

ಬಾಟಲಿ ಮೇಲೆ "ಕುಡಿಯಬೇಡಿ" ಅಂತ ಬರೆದಿಡಿ. ನಮ್ಮ ಮನೆಯವರು ಎರಡು ಗುಟುಕು ಕುಡಿದಿಟ್ಟಿದ್ದರು. ನನ್ನ 500 ಗ್ರಾಂ 440 ಆಗಿತ್ತು.