ಹಾರ್ಡ್ ಡಿಸ್ಕ್ ಕಾಣದಿದ್ದರೆ ಮೊದಲು ಪೋರ್ಟ್ ಬದಲಿಸಿ ನೋಡಿ

ಈ ಮಳೆಗಾಲದಲ್ಲಿ ಗೋಣಿಕೊಪ್ಪದ ನಮ್ಮ ಮನೆಯಲ್ಲೇ ಕೂತು ಹೊಸ ಕಂಪ್ಯೂಟರ್ ಜೋಡಿಸಿದೆ. ವಿಂಡೋಸ್‌ಗೆ ಒಂದು ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡ್ ಮೇಲೆ ನೇರವಾಗಿ ಕೂರುವ ಚಪ್ಪಟೆ ಡ್ರೈವ್), ತೋಟದ ಲೆಕ್ಕಪತ್ರ ಮತ್ತು ಕೆಲಸದ ಫೈಲ್‌ಗಳಿಗೆ ಇನ್ನೊಂದು. ಪುತ್ತರಿ, ಮದುವೆ, ಹಾಕಿ ಪಂದ್ಯ ಅಂತ ಸೇರಿಕೊಂಡ ಫೋಟೊ, ವಿಡಿಯೊಗಳಿಗೆ 4 ಟಿಬಿ ಹಾರ್ಡ್ ಡಿಸ್ಕ್. ಕಂಪ್ಯೂಟರ್ ಆನ್ ಆಯ್ತು, ವಿಂಡೋಸ್ ಕೂಡ ಬಂತು. ಹಾರ್ಡ್ ಡಿಸ್ಕ್ ಮಾತ್ರ ಎಲ್ಲೂ ಇಲ್ಲ.

"ಡಿಸ್ಕೇ ಹೋಗಿದೆ ಅಣ್ಣ, ವಾಪಸ್ ಕಳಿಸಿಬಿಡು" ಅಂದ ಚಿಕ್ಕಪ್ಪನ ಮಗ. ನನಗೆ ಮನಸ್ಸಾಗಲಿಲ್ಲ. ತೊಂದರೆ ಬೇರೆ ಕಡೆ ಇದ್ದರೆ ಬದಲಿಗೆ ಬರೋ ಡಿಸ್ಕೂ ಕಾಣಲ್ಲ, ಅಲ್ವಾ?

ಹಾಗಾಗಿ ಮೊದಲು ಕರೆಂಟ್ ನೋಡಿದೆ. ಡಿಸ್ಕ್ ತಿರುಗುವ ಸದ್ದು ಕೇಳಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಜುಲೈ ಮಳೆ ಶೀಟಿನ ಮೇಲೆ ಬಡಿಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸಲ್ಲ. ಡಿಸ್ಕಿನ ಮೇಲೆ ಅಂಗೈ ಇಟ್ಟು ಆನ್ ಮಾಡಿಸಿದೆ. ಒಂದು ಸಣ್ಣ ಅದುರು ಶುರುವಾಗಿ ನಿಧಾನಕ್ಕೆ ಸಮವಾಯಿತು. ಅಂದರೆ ಡಿಸ್ಕ್ ತಿರುಗುತ್ತಿದೆ, ಪವರ್ ಸಪ್ಲೈ ಸರಿಯಿದೆ. ಅದುರೇ ಇಲ್ಲದಿದ್ದರೆ ಪವರ್ ಕೇಬಲ್ ನೋಡಬೇಕು. ಇಲ್ಲೊಂದು ಎಚ್ಚರಿಕೆ: ಬಿಚ್ಚಿ ಹಾಕುವ ಕೇಬಲ್ ಇರೋ ಪವರ್ ಸಪ್ಲೈಗಳಲ್ಲಿ ಒಂದರ ಕೇಬಲ್ ಇನ್ನೊಂದಕ್ಕೆ ಹಾಕಲೇಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಯ ಜೋಡಣೆ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡಿಸ್ಕ್ ಸುಟ್ಟೇ ಹೋಗುತ್ತದೆ.

ಆಮೇಲೆ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗೋ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋದೆ. ಎರಡೂ ಎಸ್‌ಎಸ್‌ಡಿ ಇದ್ದವು, ಹಾರ್ಡ್ ಡಿಸ್ಕ್ ಇಲ್ಲ. ಬಯಾಸ್‌ನಲ್ಲೇ ಕಾಣದ ಡಿಸ್ಕನ್ನು ವಿಂಡೋಸ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿದೆ, ಅದೇ ಕಥೆ.

ಉತ್ತರ ಇದ್ದದ್ದು ಮದರ್‌ಬೋರ್ಡ್ ಮ್ಯಾನುಯಲ್‌ನಲ್ಲಿ. ಸಾಟಾ ಪೋರ್ಟ್‌ಗಳ ಪಟ್ಟಿಯ ಕೆಳಗೆ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು: ಎರಡನೇ ಎಂ.2 ಸ್ಲಾಟ್ ಬಳಸಿದರೆ 5 ಮತ್ತು 6ನೇ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಎಷ್ಟೋ ಬೋರ್ಡ್‌ಗಳು ಹೀಗೇ ಇರುತ್ತವೆ. ಚಿಪ್‌ಸೆಟ್‌ನಿಂದ (ಡಿಸ್ಕ್, ಪೋರ್ಟ್‌ಗಳನ್ನು ನೋಡಿಕೊಳ್ಳುವ ಬೋರ್ಡಿನ ಚಿಪ್) ಡಾಟಾ ಬರೋ ದಾರಿಗಳು ಇರೋದೇ ಇಷ್ಟು. ಒಂದೇ ದಾರಿಯನ್ನು ಎಂ.2 ಸ್ಲಾಟಿಗೂ ಸಾಟಾ ಪೋರ್ಟಿಗೂ ಹಂಚಿರುತ್ತಾರೆ, ಒಂದು ಬಳಸಿದರೆ ಇನ್ನೊಂದು ಬಂದ್. ಯಾವ ಸ್ಲಾಟಿಗೆ ಯಾವ ಪೋರ್ಟ್ ಅನ್ನೋದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಇಂಥ ಮಾತನ್ನು ಪೋರ್ಟಿನ ಪಕ್ಕದಲ್ಲೇ ದೊಡ್ಡದಾಗಿ ಅಚ್ಚು ಹಾಕಬೇಕು ಅಂತ ನನಗೆ ನಿಜವಾಗಲೂ ಅನಿಸುತ್ತದೆ. ಸರಿಯಿರೋ ಡಿಸ್ಕನ್ನು ಸುಮ್ನೆ ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೋ!

ನನ್ನ ಡಿಸ್ಕ್ 5ನೇ ಪೋರ್ಟಿನಲ್ಲಿತ್ತು, ಕ್ಯಾಬಿನೆಟ್ಟಿನಲ್ಲಿ ಕೇಬಲ್ಲಿಗೆ ಅದೇ ಹತ್ತಿರ. ಕಂಪ್ಯೂಟರಿನ ಪ್ಲಗ್ ತೆಗೆದು, ಸಾಟಾ ಕೇಬಲನ್ನು 2ನೇ ಪೋರ್ಟಿಗೆ ಹಾಕಿದೆ. ಬಯಾಸ್‌ನಲ್ಲಿ ಹೆಸರು, ಅಳತೆ ಎಲ್ಲ ಬಂತು.

ವಿಂಡೋಸ್‌ನಲ್ಲಿ ಮಾತ್ರ ಇನ್ನೂ ಇಲ್ಲ. ಇದಕ್ಕೆ ಗಾಬರಿ ಬೇಡ. ಹೊಸ ಡಿಸ್ಕಿನಲ್ಲಿ ಪಾರ್ಟಿಶನ್ನೇ (ಫೈಲ್ ಇಡಲು ಮಾಡುವ ವಿಭಾಗ) ಇರಲ್ಲ, ಹಾಗಾಗಿ ಡ್ರೈವ್ ಅಕ್ಷರವೂ ಇರಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ, ಇನಿಶಿಯಲೈಜ್ ಮಾಡಬೇಕಾ, ಅಂದರೆ ಡಿಸ್ಕನ್ನು ಬಳಕೆಗೆ ಸಿದ್ಧ ಮಾಡಬೇಕಾ ಅಂತ ಕೇಳುತ್ತದೆ. ಪಾರ್ಟಿಶನ್ ಪಟ್ಟಿ ಬರೆದಿಡುವ ಎರಡು ರೀತಿ ತೋರಿಸುತ್ತದೆ, ಜಿಪಿಟಿ ಮತ್ತು ಎಂಬಿಆರ್. ಜಿಪಿಟಿ ಆರಿಸಿ. ಎಂಬಿಆರ್ ಆರಿಸಿದರೆ ಸಾಮಾನ್ಯವಾಗಿ 2 ಟಿಬಿ ಮಾತ್ರ ಸಿಗುತ್ತದೆ, ಉಳಿದದ್ದು ದಂಡ. ನಂತರ ಹೊಸ ವಾಲ್ಯೂಮ್ ಮಾಡಿ ಎನ್‌ಟಿಎಫ್‌ಎಸ್‌ಗೆ (ವಿಂಡೋಸ್ ಫೈಲ್ ಇಡುವ ರೀತಿ) ಫಾರ್ಮ್ಯಾಟ್ ಮಾಡಿದರೆ ಮುಗೀತು. 4 ಟಿಬಿ ಡಿಸ್ಕ್ 3.63 ಟಿಬಿ ಅಂತ ಕಾಣುತ್ತದೆ, ಅದು ಲೆಕ್ಕ ಹಾಕೋ ರೀತಿಯ ವ್ಯತ್ಯಾಸ ಅಷ್ಟೇ.

ಇದೆಲ್ಲ ಹೊಚ್ಚಹೊಸ ಡಿಸ್ಕಿಗೆ. ಹಳೇ ಕಂಪ್ಯೂಟರಿನಿಂದ ಬಿಚ್ಚಿದ, ಫೋಟೊ ತುಂಬಿರೋ ಡಿಸ್ಕ್ ಹಾಕಿದಾಗ ಇದೇ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ. ಅಲ್ಲಿ ಇನಿಶಿಯಲೈಜ್ ಮಾಡಿದರೆ ಪಾರ್ಟಿಶನ್ ಮಾಹಿತಿ ಅಳಿಸಿಹೋಗುತ್ತದೆ. ಡಾಟಾ ರಿಕವರಿ ಮಾಡುವವರನ್ನು ಕೇಳುವ ತನಕ ಅದರ ಮೇಲೆ ಏನನ್ನೂ ಬರೆಯಬೇಡಿ.